ಬಿಸಿ ಇಂಜಿನ್ ಸ್ಟಾರ್ಟ್ ಆಗ್ತಿಲ್ವಾ? ಕಲಬುರಗಿ ಬಿಸಿಲನ್ನು ಬೈಯೋ ಮೊದಲು ಇಂಜೆಕ್ಟರ್ ನೋಡಿ

ಕಲಬುರಗಿಯಲ್ಲಿ ಕಾರು ಕೆಟ್ಟರೆ ಮೊದಲ ಆರೋಪಿ ಬಿಸಿಲು. ಬ್ಯಾಟರಿ ಕೂತರೂ ಬಿಸಿಲು, ಟೈರ್ ಒಡೆದರೂ ಬಿಸಿಲು, ಎಸಿ ತಣ್ಣಗಾಗದಿದ್ದರೂ ಬಿಸಿಲು. ಪೂರ್ತಿ ಸುಳ್ಳೇನಲ್ಲ ಬಿಡಿ, ಮೇ ತಿಂಗಳಲ್ಲಿ 43-44 ಡಿಗ್ರಿ ಮುಟ್ಟುವ ಊರು ಇದು, ಮಧ್ಯಾಹ್ನ ಹೊರಗೆ ನಿಲ್ಲಿಸಿದ ಕಾರಿನ ಸ್ಟೇರಿಂಗ್ ಹಿಡಿಯಲು ಟವೆಲ್ ಬೇಕು. ಆದರೆ ಬಿಸಿಲಿನ ಹೆಸರು ಹೇಳಿಕೊಂಡು ಕೆಲವು ತೊಂದರೆಗಳು ಆರಾಮಾಗಿ ಬಚ್ಚಿಟ್ಟುಕೊಳ್ಳುತ್ತವೆ. ಅದರಲ್ಲಿ ಇಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಲೀಕ್ ಒಂದು. ನಾನು ಗ್ಯಾರೇಜ್ ನಡೆಸುವವನಲ್ಲ, ಡಿಪ್ಲೊಮಾದಲ್ಲಿ ಆಟೊಮೊಬೈಲ್ ಓದಿ ಬೇರೆ ಕೆಲಸಕ್ಕೆ ಹೋದವನು. ಆದರೂ ಮನೆಯವರ, ನೆಂಟರ ಕಾರಿಗೆ ಏನಾದರೂ ಆದರೆ ಫೋನ್ ನನಗೇ ಬರುತ್ತದೆ.

ಈ ಸಲ ಬಂದಿದ್ದು ಕಾಕಾನ ಕಾರು. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಕೇಳಬೇಡಿ, ಇದು ಯಾವ ಕಂಪನಿಯ ಕಾರಿಗೂ ಬರಬಹುದಾದ ತೊಂದರೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಸೇಡಂ ರೋಡಿನಿಂದ ಸೂಪರ್ ಮಾರ್ಕೆಟ್‌ಗೆ ಹೋಗಿ, ಅರ್ಧ ಗಂಟೆ ಕಾಯಿಪಲ್ಲೆ ಕೊಂಡು ಬಂದು ಮತ್ತೆ ಕೀ ತಿರುಗಿಸಿದರೆ ಮಾತ್ರ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಕೊನೆಗೆ ಹಿಡಿದರೂ ಗಡಗಡ ಅಂತ ಅಲುಗಾಡುತ್ತದೆ, ಸೈಲೆನ್ಸರ್‌ನಿಂದ ಒಂದು ಮೋಡದಷ್ಟು ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಒಂದು ನಿಮಿಷ ಓಡಿದರೆ ಎಲ್ಲ ಸರಿ.

‘ಬಿಸಿಲಿಗಿ ಹಂಗೇ ಆಗ್ತದ ಬಿಡು ತಮ್ಮಾ, ಸಂಜಿಮುಂದ ಆರಾಮ ಸ್ಟಾರ್ಟ್ ಆಗ್ತದ’ ಅಂತ ಕಾಕಾ ಸುಮಾರು ದಿನ ತಳ್ಳಿದ್ದರು. ಆಮೇಲೆ ಆವರೇಜ್ ಬೀಳತೊಡಗಿತು, ಆಗ ಚಿಂತೆ ಶುರುವಾಯಿತು. ದುಡ್ಡಿನ ವಿಷಯ ಬಂದರೆ ಬಿಸಿಲು ಮರೆತುಹೋಗುತ್ತದೆ. ಒಬ್ಬರು ಬ್ಯಾಟರಿ ಅಂದರು, ಒಬ್ಬರು ಬಂಕಿನ ಪೆಟ್ರೋಲ್ ಸರಿ ಇಲ್ಲ ಅಂದರು, ಒಂದು ಗ್ಯಾರೇಜಿನವರು ಬಾನೆಟ್ ಕೂಡ ಸರಿಯಾಗಿ ಎತ್ತದೆ ‘ಫ್ಯೂಯಲ್ ಪಂಪ್ ಹೋಗಿದೆ, ಜೊತೆಗೆ ನಾಲ್ಕೂ ಇಂಜೆಕ್ಟರ್ ಬದಲಿಸಿಬಿಡಿ’ ಅಂತ ದೊಡ್ಡ ಎಸ್ಟಿಮೇಟ್ ಕೊಟ್ಟರು. ನನಗೆ ಸಿಟ್ಟು ಬರುವುದು ಇಲ್ಲೇ. ಇಂಜೆಕ್ಟರ್ ಕೆಟ್ಟಿರಲಿಕ್ಕಿಲ್ಲ ಅಂತಲ್ಲ, ಕೆಟ್ಟಿರಬಹುದು. ಆದರೆ ಅಳೆದು ನೋಡದೆ ಸಾಮಾನು ಬದಲಿಸುವುದಕ್ಕೆ ರಿಪೇರಿ ಅನ್ನುವುದಿಲ್ಲ, ವ್ಯಾಪಾರ ಅನ್ನುತ್ತಾರೆ.

ಇಂಜೆಕ್ಟರ್ ಅಂದರೆ ಕರೆಂಟಿನಿಂದ ತೆರೆಯುವ ಸಣ್ಣ ವಾಲ್ವ್, ಅಷ್ಟೇ. ಒಳಗೆ ಒಂದು ಕಾಯಿಲ್, ಒಂದು ಸ್ಪ್ರಿಂಗ್, ಒಂದು ಸೂಜಿ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕರೆಂಟ್ ಕೊಟ್ಟಾಗ ಸೂಜಿ ಮೇಲೇಳುತ್ತದೆ, ಕೆಲವೇ ಮಿಲಿಸೆಕೆಂಡ್ ಪೆಟ್ರೋಲ್ ಸಿಂಪಡಿಸುತ್ತದೆ, ಕರೆಂಟ್ ನಿಂತ ಕೂಡಲೇ ಸ್ಪ್ರಿಂಗ್ ಅದನ್ನು ಸೀಟಿಗೆ ಒತ್ತಿ ಮುಚ್ಚುತ್ತದೆ. ಮೇಲಿರುವ ರೇಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಪೆಟ್ರೋಲ್ 3ರಿಂದ 4 ಬಾರ್ ಒತ್ತಡದಲ್ಲಿ ಕಾಯುತ್ತಿರುತ್ತದೆ. ಇಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ತುಂಬಾ ಹೊತ್ತು ಉಳಿಯಬೇಕು. ಸೂಜಿಯ ತುದಿಯಲ್ಲಿ ಅಂಟು ಕೂತರೆ, ಕಸ ಸಿಕ್ಕಿಕೊಂಡರೆ, ಸೀಟು ಸವೆದರೆ ಅದು ಪೂರ್ತಿ ಮುಚ್ಚುವುದಿಲ್ಲ. ಹನಿಹನಿಯಾಗಿ ಪೆಟ್ರೋಲ್ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಇಂಜಿನ್‌ಗೆ ಗಾಳಿ ಹೋಗುವ ದಾರಿಗೆ) ಇಳಿಯುತ್ತದೆ.

ಈಗ ಬಿಸಿಲಿನ ವಿಷಯ. ಕಾರ್ಬುರೇಟರ್ ಕಾಲದಲ್ಲಿ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಕುದ್ದು ಆವಿಯಾಗಿ ಗಾಡಿ ನಿಲ್ಲುತ್ತಿತ್ತು, ವೇಪರ್ ಲಾಕ್ ಅನ್ನುತ್ತಿದ್ದರು, ಹಿರಿಯರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಕಾಕಾನ ತಲೆಯಲ್ಲಿ ಇರುವುದು ಆ ಕಾಲದ ಅನುಭವ. ಇಂಜೆಕ್ಷನ್ ಕಾರಿನಲ್ಲಿ ಒತ್ತಡ ಜಾಸ್ತಿ, ಒತ್ತಡ ಜಾಸ್ತಿ ಇದ್ದರೆ ಪೆಟ್ರೋಲ್ ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಆದರೆ ಇಂಜೆಕ್ಟರ್ ಸೋರಿ ಆ ಒತ್ತಡವೇ ಹೋದರೆ? ಇಂಜಿನ್ ನಿಂತ ಮೇಲೆ ಗಾಳಿ ಆಡುವುದಿಲ್ಲ, ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ, ಒತ್ತಡ ಇಲ್ಲದ ರೇಲ್‌ನಲ್ಲಿ ಆವಿ ತುಂಬಿಕೊಳ್ಳುತ್ತದೆ, ಇತ್ತ ಮ್ಯಾನಿಫೋಲ್ಡ್‌ನಲ್ಲಿ ಸೋರಿದ ಪೆಟ್ರೋಲಿನ ಆವಿಯೇ ಆವಿ. ಎರಡೂ ಕಡೆಯಿಂದ ಪೆಟ್ಟು. ಬೆಳಿಗ್ಗೆ ತಣ್ಣಗಿನ ಇಂಜಿನ್‌ಗೆ ಹೇಗೂ ಜಾಸ್ತಿ ಪೆಟ್ರೋಲ್ ಬೇಕು, ಸೋರಿದ್ದು ರಾತ್ರಿಯಿಡೀ ಒಂದಷ್ಟು ಆರಿಯೂ ಹೋಗಿರುತ್ತದೆ, ಹಾಗಾಗಿ ಬೆಳಿಗ್ಗೆ ತೊಂದರೆ ಕಾಣುವುದಿಲ್ಲ. ಬಿಸಿ ಇಂಜಿನ್‌ಗೆ ಕಡಿಮೆ ಪೆಟ್ರೋಲ್ ಸಾಕು, ಅದಕ್ಕೆ ಇಷ್ಟು ಸಿಕ್ಕರೆ ಕಿಡಿ ಹಾರಿಸುವ ಪ್ಲಗ್ ಒದ್ದೆಯಾಗಿ ಕೂರುತ್ತದೆ. ಅಂದರೆ ಬಿಸಿಲು ತೊಂದರೆಯನ್ನು ಹೊರಗೆ ತೋರಿಸುತ್ತದೆ, ಹುಟ್ಟಿಸಿದ್ದು ಬಿಸಿಲಲ್ಲ.

ಇದನ್ನು ಪಕ್ಕಾ ಮಾಡಿಕೊಳ್ಳಲು ನಾನು ಮೊದಲು ಮಾಡುವುದು ಒಂದು ಪೈಸೆ ಖರ್ಚಿಲ್ಲದ ಕೆಲಸ. ಕಾರು ಬಿಸಿಯಾಗಿ ನಿಂತು ಸ್ಟಾರ್ಟ್ ಆಗದಿದ್ದಾಗ ಎರಡು ಬೇರೆ ಬೇರೆ ರೀತಿ ಪ್ರಯತ್ನಿಸಿ ನೋಡಿ. ಒಂದು, ಕೀ ಆನ್ ಮಾಡಿ ಸೆಲ್ಫ್ ಹೊಡೆಯದೆ ಎರಡು ಮೂರು ಸೆಕೆಂಡ್ ಬಿಡಿ, ಹಿಂದಿನ ಸೀಟಿನ ಕಡೆಯಿಂದ ಪಂಪ್ ಗುಂಯ್ ಅನ್ನುವುದು ಕೇಳುತ್ತದೆ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಇದರಿಂದ ಟಕ್ಕನೆ ಸ್ಟಾರ್ಟ್ ಆದರೆ ಬರೀ ಒತ್ತಡ ಇಳಿದಿತ್ತು ಅಂತ ಅರ್ಥ, ಅನುಮಾನ ಪಂಪಿನ ಒಳಗಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವಂಥದ್ದು) ಮೇಲೆ ಹೋಗುತ್ತದೆ. ಎರಡು, ಬೇರೆ ದಿನ ಅದೇ ಸ್ಥಿತಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದರೆ ಇಸಿಯು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಬರೀ ಗಾಳಿ ಒಳಗೆ ಹೋಗುತ್ತದೆ. ಹೀಗೆ ಮಾಡಿದಾಗ ಸ್ಟಾರ್ಟ್ ಆದರೆ ಒಳಗೆ ಪೆಟ್ರೋಲ್ ಜಾಸ್ತಿ ಇತ್ತು ಅನ್ನುವುದು ಖಾತ್ರಿ. ಕಾಕಾನ ಕಾರು ಮೊದಲನೆಯದಕ್ಕೆ ಜಗ್ಗಲಿಲ್ಲ, ಎರಡನೆಯದಕ್ಕೆ ಹಿಡಿಯಿತು. ಸ್ಟಾರ್ಟ್ ಆದ ಕೂಡಲೇ ಕಾಲು ತೆಗೆಯಿರಿ ಮತ್ತೆ, ಇಲ್ಲವಾದರೆ ಇಂಜಿನ್ ಕಿರುಚುತ್ತದೆ, ಅಕ್ಕಪಕ್ಕದವರು ನೋಡುತ್ತಾರೆ.

ಆಮೇಲೆ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ಮೂಸಿ. ತಮಾಷೆ ಅಲ್ಲ. ಸೋರಿದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಆಯಿಲ್‌ಗೆ ಸೇರುತ್ತದೆ. ಆಯಿಲ್ ಲೆವೆಲ್ ತಾನಾಗಿ ಮೇಲೇರಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ, ಬೆರಳಿಗೆ ನೀರು ನೀರಾಗಿ ಹತ್ತಿದರೆ ಕಾರು ಓಡಿಸುವುದನ್ನು ಅವತ್ತೇ ನಿಲ್ಲಿಸಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಒಂದು ಇಂಜೆಕ್ಟರ್ ಉಳಿಸಲು ಹೋಗಿ ಇಡೀ ಇಂಜಿನ್ ಬೋರ್‌ಗೆ ಹಾಕಿಸಿದವರನ್ನು ನೋಡಿದ್ದೇನೆ. ಸೈಲೆನ್ಸರ್ ದಾರಿಯಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಸುಡದ ಪೆಟ್ರೋಲ್ ತಿಂದು ತಿಂದು ಮಿತಿ ಮೀರಿ ಕಾದು ಒಳಗೇ ಕರಗಬಹುದು, ಅದರ ಬೆಲೆ ಕೇಳಿದರೆ ಇಂಜೆಕ್ಟರ್ ಅಗ್ಗ ಅನಿಸುತ್ತದೆ.

ಮುಂದೆ ಸ್ಕ್ಯಾನರ್. 2013ರ ನಂತರದ ಪೆಟ್ರೋಲ್ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಇಸಿಯು ಮಾಹಿತಿ ಓದಲು ಒಬಿಡಿ ಸಾಕೆಟ್ ಇರುತ್ತದೆ, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಡಬ್ಬಿ ಆನ್‌ಲೈನ್‌ನಲ್ಲಿ ಅಗ್ಗಕ್ಕೇ ಸಿಗುತ್ತದೆ. ನಮ್ಮ ಕಡೆ ಗ್ಯಾರೇಜಿಗೆ ಹೋದರೆ ‘ಸ್ಕ್ಯಾನಿಂಗ್ ಮಾಡಿದ್ವಿ ಸರ್’ ಅಂತ ಒಂದು ಕೋಡ್ ಹೇಳಿ ಸುಮ್ಮನಾಗುತ್ತಾರೆ. ಕೋಡ್ ಇದ್ದರೆ ಒಳ್ಳೆಯದು, ಪಿ 0172 ಬಂದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಅಂತ, ಪಿ 0301ರಿಂದ 0304ರವರೆಗೆ ಬಂದಿದ್ದರೆ ಯಾವ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಆದರೆ ಕೋಡ್ ಬಾರದೆಯೂ ಇಂಜೆಕ್ಟರ್ ಸೋರಬಹುದು. ನೋಡಬೇಕಾದದ್ದು ಫ್ಯೂಯಲ್ ಟ್ರಿಮ್.

ಟ್ರಿಮ್ ಅಂದರೆ ಇಸಿಯು ತಾನು ಲೆಕ್ಕ ಹಾಕಿದ ಪೆಟ್ರೋಲಿಗೆ ಎಷ್ಟು ಕೂಡಿಸಬೇಕಾಯಿತು, ಎಷ್ಟು ಕಳೆಯಬೇಕಾಯಿತು ಅನ್ನುವುದರ ಲೆಕ್ಕ. ಸೈಲೆನ್ಸರ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ ಅದು ತಿದ್ದಿಕೊಳ್ಳುತ್ತದೆ. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಕಲಿತಿಟ್ಟುಕೊಂಡದ್ದು) ಎರಡೂ ಕೂಡಿಸಿದರೆ ಸೊನ್ನೆಯ ಆಚೀಚೆ 10%ರೊಳಗೆ ಇರಬೇಕು. ಕಾಕಾನ ಕಾರಿನಲ್ಲಿ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಮೈನಸ್ 20ರ ಹತ್ತಿರ ಕೂತಿತ್ತು. 2500 ಆರ್‌ಪಿಎಂಗೆ ಏರಿಸಿ ಹಿಡಿದರೆ ಮೈನಸ್ 4ಕ್ಕೆ ಬಂತು. ಈ ವ್ಯತ್ಯಾಸವೇ ಮುಖ್ಯ. ಸೋರುವುದು ಹೆಚ್ಚುಕಡಿಮೆ ಅಷ್ಟೇ ಸೋರುತ್ತಿರುತ್ತದೆ, ಐಡಲ್ ಆದರೂ ಅಷ್ಟೇ, ಓಟದಲ್ಲಾದರೂ ಅಷ್ಟೇ. ಒಂದು ಚಮಚ ಉಪ್ಪು ಬಟ್ಟಲು ಸಾರಿಗೆ ಬಿದ್ದರೆ ಬಾಯಿಗೆ ಇಡಲಾಗುವುದಿಲ್ಲ, ಮದುವೆ ಮನೆಯ ಹಂಡೆಗೆ ಬಿದ್ದರೆ ಗೊತ್ತೇ ಆಗುವುದಿಲ್ಲ. ಐಡಲ್‌ನಲ್ಲಿ ಇಂಜಿನ್ ಕುಡಿಯುವುದೇ ಬಟ್ಟಲಷ್ಟು. ಇದಕ್ಕೆ ಬದಲಾಗಿ ಐಡಲ್‌ನಲ್ಲೂ ಓಟದಲ್ಲೂ ಟ್ರಿಮ್ ಒಂದೇ ಸಮ ಮೈನಸ್ ಇದ್ದರೆ ಇಂಜೆಕ್ಟರ್ ಬಿಟ್ಟು ಬೇರೆ ಕಡೆ ಹುಡುಕಿ, ಗಾಳಿ ಅಳೆಯುವ ಸೆನ್ಸರ್ ಇರಬಹುದು, ರೇಲ್ ಒತ್ತಡವೇ ಜಾಸ್ತಿ ಇರಬಹುದು.

ಇಲ್ಲಿ ಎಥನಾಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್ (ನಮ್ಮ ಬೀದರ್ ಕಬ್ಬಿನದೇ ಇದ್ದರೂ ಇರಬಹುದು). ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಹಳೇ ಕಾರಿನ ಇಸಿಯು ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಡಬೇಕಾಗುತ್ತದೆ, ಅಂದರೆ ಟ್ರಿಮ್ ಪ್ಲಸ್ ಕಡೆ ವಾಲಬೇಕು. ಹಾಗಿದ್ದೂ ನಿಮ್ಮ ಹಳೇ ಕಾರು ಮೈನಸ್ 10 ತೋರಿಸಿದರೆ, ‘ಮಿತಿಯೊಳಗೇ ಇದೆಯಲ್ಲ’ ಅಂತ ಬಿಡಬೇಡಿ. ಇರಬೇಕಾದ ಜಾಗದಿಂದ ಅದು ದೂರವೇ ಇದೆ.

ಸ್ಕ್ಯಾನರ್ ಹಾಕಿದಾಗಲೇ ಇನ್ನೆರಡು ಕಳ್ಳರನ್ನು ಹೊರಗೆ ಹಾಕಿಬಿಡಿ. ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಟೆಂಪರೇಚರ್ ಹೊರಗಿನ ಹವೆಯಷ್ಟೇ ತೋರಿಸಬೇಕು, ಓಡಿದ ಮೇಲೆ 85-95ರ ಸುಮಾರಿಗೆ ಬರಬೇಕು. ಬಿಸಿ ಇಂಜಿನ್‌ನಲ್ಲೂ 30 ಅಂತ ತೋರಿಸುತ್ತಿದ್ದರೆ ಇಸಿಯು ಇನ್ನೂ ಇಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಆಗ ತಪ್ಪು ಸೆನ್ಸರ್‌ನದು. ಇನ್ನೊಂದು ಪರ್ಜ್ ವಾಲ್ವ್, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಕಳಿಸುವಂಥದ್ದು. ಅದು ತೆರೆದೇ ಉಳಿದರೂ ಇದೇ ಲಕ್ಷಣ. ಆದರೆ ಅದರ ಗುರುತು ಬೇರೆ: ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಮ್ಯಾನಿಫೋಲ್ಡ್ ಕಡೆಯ ಅದರ ಪೈಪ್ ಬಿಚ್ಚಿ ಎರಡೂ ಬಾಯಿ ಮುಚ್ಚಿ, ಟ್ರಿಮ್ ಸೊನ್ನೆ ಕಡೆ ಬಂದರೆ ಸಿಕ್ಕಿಬಿದ್ದ ಹಾಗೆ.

ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟರೆ ತುಂಬಾ ವಿಷಯ ಗೊತ್ತಾಗುತ್ತದೆ. ನಾಲ್ಕೂ ಕಪ್ಪಗಿದ್ದರೆ ಇಡೀ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ. ಒಂದು ಮಾತ್ರ ಮಸಿ ಹಿಡಿದು ಒದ್ದೆಯಾಗಿದ್ದು ಉಳಿದ ಮೂರು ಬಿಳಿಚಿಕೊಂಡಿದ್ದರೆ ಒಂದೇ ಇಂಜೆಕ್ಟರ್. ಉಳಿದವು ಯಾಕೆ ಬಿಳಿಚಿಕೊಳ್ಳುತ್ತವೆ ಅಂದರೆ, ಆಕ್ಸಿಜನ್ ಸೆನ್ಸರ್‌ಗೆ ನಾಲ್ಕರ ಹೊಗೆಯೂ ಬೆರೆತೇ ಬರುತ್ತದೆ, ಯಾವುದು ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಇಸಿಯು ನಾಲ್ಕಕ್ಕೂ ಪೆಟ್ರೋಲ್ ಕಡಿಮೆ ಮಾಡುತ್ತದೆ. ಒಬ್ಬ ಕದ್ದರೆ ಕ್ಲಾಸಿಗೆಲ್ಲ ಬೆತ್ತದೇಟು. ಕಾಕಾನ ಕಾರಿನಲ್ಲಿ ಮೂರನೇ ಸಿಲಿಂಡರಿನ ಪ್ಲಗ್ ಕಪ್ಪಗಿತ್ತು.

ಇಷ್ಟಾದ ಮೇಲೆ ಹುಮನಾಬಾದ್ ರೋಡಿನ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ನನಗೆ ಪರಿಚಯದ ಒಬ್ಬ ಉಸ್ತಾದ್ ಇದ್ದಾರೆ, ಅವರ ಶೆಡ್ಡಿಗೆ ಕಾರು ಒಯ್ದೆ. ಮನೆಯಲ್ಲೇ ಮಾಡಬಹುದಿತ್ತು, ಆದರೆ ಪ್ರೆಶರ್ ಗೇಜ್ ಅವರ ಹತ್ತಿರ ಇದೆ, ಜೊತೆಗೆ ಪೆಟ್ರೋಲ್ ಕೆಲಸ ಮನೆ ಅಂಗಳದಲ್ಲಿ ಮಾಡಲು ನನಗೆ ಮನಸ್ಸಿಲ್ಲ. ಅವರ ಹುಡುಗ ಮೊದಲು ಮೀಟರ್ ತಂದು ನಾಲ್ಕೂ ಇಂಜೆಕ್ಟರಿನ ಓಮ್ಸ್ (ಕಾಯಿಲಿನ ರೆಸಿಸ್ಟೆನ್ಸ್) ನೋಡಿದ, 12ರಿಂದ 16ರ ಒಳಗೆ ಇರಬೇಕು, ಇತ್ತು. ಸ್ಕ್ರೂಡ್ರೈವರಿನ ಹಿಡಿಕೆ ಕಿವಿಗೆ ಇಟ್ಟು ಟಿಕ್ ಟಿಕ್ ಕೇಳಿದ, ನಾಲ್ಕೂ ಸದ್ದು ಮಾಡುತ್ತಿದ್ದವು. ‘ಇಂಜೆಕ್ಟರ್ ಪರ್ಫೆಕ್ಟ್ ಅವ್ರಿ’ ಅಂದ. ಎಷ್ಟೋ ಗ್ಯಾರೇಜ್‌ಗಳಲ್ಲಿ ಮಾತು ಇಲ್ಲಿಗೇ ಮುಗಿಯುತ್ತದೆ. ಆದರೆ ಈ ಎರಡೂ ಪರೀಕ್ಷೆ ಹೇಳುವುದು ಇಂಜೆಕ್ಟರ್ ತೆರೆಯುತ್ತದೆ ಅಂತ ಮಾತ್ರ. ನಮ್ಮ ಪ್ರಶ್ನೆ ಅದು ಮುಚ್ಚುತ್ತದಾ ಅಂತ. ಕಾಯಿಲ್ ಚೆನ್ನಾಗಿದ್ದು ಸೀಟು ಹಾಳಾಗಿದ್ದರೆ ಮೀಟರ್‌ಗೆ ಏನು ಗೊತ್ತಾಗುತ್ತದೆ?

ಉಸ್ತಾದ್ ಗೇಜ್ ಹಾಕಿದರು. ನಮ್ಮಲ್ಲಿನ ಬಹಳಷ್ಟು ಕಾರುಗಳ ರೇಲ್‌ನಲ್ಲಿ ಗೇಜ್ ಸಿಕ್ಕಿಸಲು ಅಂತ ಬೇರೆ ಬಾಯಿ ಇರುವುದಿಲ್ಲ. ಹಾಗಾಗಿ ಟ್ಯಾಂಕಿನಿಂದ ಬರುವ ಪೈಪ್ ರೇಲ್‌ಗೆ ಸೇರುವಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಅದಕ್ಕೆ ಗೇಜ್ ಕೂರಿಸಬೇಕು. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ಸಾಯುವವರೆಗೆ ಓಡಿಸಿದರು, ಒತ್ತಡ ಇಳಿಯಲಿ ಅಂತ. ಇಲ್ಲದಿದ್ದರೆ ಪೈಪ್ ಬಿಚ್ಚಿದ ಕೂಡಲೇ ಮುಖಕ್ಕೇ ಪೆಟ್ರೋಲ್ ಚಿಮ್ಮುತ್ತದೆ. ಅವರ ಟೀಯಲ್ಲಿ ಟ್ಯಾಂಕ್ ಕಡೆ ಒಂದು ಸಣ್ಣ ವಾಲ್ವ್ ಇದೆ, ಅದೇ ಅದರ ಬೆಲೆ. ಕೆಲವರು ವಾಲ್ವ್ ಇಲ್ಲದೆ ಪಕ್ಕಡ್‌ನಿಂದ ಪೈಪನ್ನೇ ಒತ್ತಿ ಹಿಡಿಯುತ್ತಾರೆ. ರಬ್ಬರ್ ಪೈಪ್ ಆದರೆ ನಡೆಯುತ್ತದೆ, ಈಗಿನ ಕಾರಿನ ಗಟ್ಟಿ ನೈಲಾನ್ ಪೈಪಿಗೆ ಹಾಗೆ ಮಾಡಿದರೆ ಸೀಳು ಬಿಡುತ್ತದೆ, ಒಂದು ಲೀಕ್ ಹುಡುಕಲು ಹೋಗಿ ಇನ್ನೊಂದು ಲೀಕ್ ಮಾಡಿಕೊಂಡಂತೆ.

ಇಂಜಿನ್ ಓಡಿಸಿ ಬಿಸಿ ಮಾಡಿ ನಿಲ್ಲಿಸಿದೆವು. ಚೆನ್ನಾಗಿರುವ ಕಾರಿನಲ್ಲಿ ಆಗ ಗೇಜ್ ಮುಳ್ಳು ಸ್ವಲ್ಪ ಮೇಲಕ್ಕೇ ಹೋಗುತ್ತದೆ, ಇಂಜಿನ್ನಿನ ಬಿಸಿಗೆ ರೇಲ್‌ನಲ್ಲಿ ಬಂದಿಯಾದ ಪೆಟ್ರೋಲ್ ಹಿಗ್ಗುತ್ತದಲ್ಲ, ಅದಕ್ಕೆ. ಇಲ್ಲಿ ಮೇಲೇಳಲೇ ಇಲ್ಲ. ನಿಂತ ಕೂಡಲೇ ಇಳಿಯಲು ಶುರು ಮಾಡಿ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ 1 ಬಾರ್‌ಗಿಂತ ಕೆಳಗೆ ಹೋಯಿತು. ಸರಿ, ಆದರೆ ಪೆಟ್ರೋಲ್ ಹೋಗಿದ್ದು ಹಿಂದಕ್ಕಾ ಮುಂದಕ್ಕಾ? ಮತ್ತೆ ಸ್ಟಾರ್ಟ್ ಮಾಡಿ, ನಿಲ್ಲಿಸಿದ ಕೂಡಲೇ ಟ್ಯಾಂಕ್ ಕಡೆಯ ವಾಲ್ವ್ ಬಂದ್ ಮಾಡಿದರು. ಈಗ ಪೆಟ್ರೋಲಿಗೆ ಹಿಂದೆ ಹೋಗಲು ದಾರಿ ಇಲ್ಲ. ಮುಳ್ಳು ನಿಂತಿದ್ದರೆ ತಪ್ಪು ಪಂಪಿನ ಚೆಕ್ ವಾಲ್ವ್ ಅಥವಾ ಟ್ಯಾಂಕಿನೊಳಗಿನ, ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರಿನದು ಆಗುತ್ತಿತ್ತು. ಮುಳ್ಳು ನಿಲ್ಲಲಿಲ್ಲ, ಮೊದಲಿನಂತೆಯೇ ಇಳಿಯಿತು. ಅಂದರೆ ರೇಲ್‌ನಿಂದಾಚೆಗೇ ಸೋರುತ್ತಿದೆ. ‘ಪಂಪ್ ಹೋಗಿದೆ’ ಅಂದವರ ಎಸ್ಟಿಮೇಟ್ ಅಲ್ಲಿಗೆ ಮುಗಿಯಿತು. ಹಳೇ ಮಾಡೆಲ್‌ಗಳಲ್ಲಿ ರೆಗ್ಯುಲೇಟರ್ ರೇಲ್ ಮೇಲೇ ಇರುತ್ತದೆ, ಅದರಿಂದ ಮ್ಯಾನಿಫೋಲ್ಡ್‌ಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಹೋಗಿರುತ್ತದೆ. ನಿಮ್ಮದು ಅಂಥದ್ದಾಗಿದ್ದರೆ ಆ ಪೈಪ್ ಎಳೆದು ನೋಡಿ. ಒಳಗೆ ಪೆಟ್ರೋಲ್ ಒದ್ದೆ ಇದ್ದರೆ ರೆಗ್ಯುಲೇಟರಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ಹರಿದಿದೆ, ಇಂಜೆಕ್ಟರ್ ಮುಟ್ಟಬೇಕಾಗಿಲ್ಲ.

ಕೊನೆಯ ಸಾಕ್ಷಿ ಕಣ್ಣಾರೆ ನೋಡುವುದು. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದೆವು, ಇದರಲ್ಲಿ ಅವಸರ ಬೇಡವೇ ಬೇಡ. ರೇಲ್ ಅನ್ನು ಇಂಜೆಕ್ಟರ್‌ಗಳ ಸಮೇತ ಮೇಲೆತ್ತಿ, ಇಂಜೆಕ್ಟರ್ ಜಾರಿ ಹಾರದಂತೆ ತಂತಿಯಿಂದ ರೇಲ್‌ಗೆ ಕಟ್ಟಿ, ಅವುಗಳ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರೂ ಬಿಚ್ಚಿ, ಒಂದೊಂದರ ಕೆಳಗೆ ಒಂದೊಂದು ಗಾಜಿನ ಸಣ್ಣ ಬಾಟಲಿ ಇಟ್ಟೆವು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಬೀಡಿ ಸೇದುತ್ತಿದ್ದವರನ್ನು ಉಸ್ತಾದ್ ರೋಡಿನಾಚೆ ಕಳಿಸಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದುಕೊಂಡು ಹೋಗುತ್ತದೆ, ಹತ್ತು ಅಡಿ ಆಚೆಯ ವೆಲ್ಡಿಂಗ್ ಕಿಡಿಯೂ ಸಾಕು. ಇಷ್ಟೆಲ್ಲ ವ್ಯವಸ್ಥೆ ಇಲ್ಲದಿದ್ದರೆ ಈ ಪರೀಕ್ಷೆ ನೀವೇ ಮಾಡಬೇಡಿ, ಗೇಜ್ ಪರೀಕ್ಷೆಗೇ ನಿಲ್ಲಿಸಿ.

ಸೆಲ್ಫ್ ಹೊಡೆಯದೆ ಬರೀ ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ಓಡಿ ರೇಲ್‌ಗೆ ಒತ್ತಡ ತುಂಬಿತು. ಇಂಜೆಕ್ಟರ್‌ಗೆ ಕರೆಂಟೇ ಇಲ್ಲ, ಹಾಗಾಗಿ ಒಂದು ಹನಿಯೂ ಬೀಳಬಾರದು. ನಿಮಿಷಕ್ಕೆ ಒಂದು ಹನಿಯೊಳಗೆ ಇದ್ದರೆ ನಡೆಯುತ್ತದೆ ಅಂತ ಅನೇಕ ಕಂಪನಿಗಳ ಸರ್ವಿಸ್ ಪುಸ್ತಕ ಹೇಳುತ್ತದೆ. ಒಂದು, ಎರಡು, ನಾಲ್ಕು ಒಣಗಿದ್ದವು. ‘ಮೂರನೇದು ನೋಡ್ರಿ, ಹನಿ ಬಿಡ್ಲಾಕತ್ತದ’ ಅಂದರು ಉಸ್ತಾದ್. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ, ತುದಿಯಲ್ಲಿ ಹನಿ ಕಟ್ಟಿ ಬೀಳುವುದು, ಮತ್ತೆ ಕಟ್ಟುವುದು ಕಾಣುತ್ತಿತ್ತು.

ಬದಲಿಸುವುದಾ, ಕ್ಲೀನ್ ಮಾಡುವುದಾ ಅನ್ನುವುದು ಮುಂದಿನ ಪ್ರಶ್ನೆ. ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಬಾಟಲಿಗಳನ್ನು ಎಲ್ಲರೂ ಕೇಳುತ್ತಾರೆ. ತುದಿಯಲ್ಲಿ ಸ್ವಲ್ಪ ಅಂಟು ಕೂತಿದ್ದರೆ ಕೆಲಸ ಮಾಡಬಹುದು, ಸವೆದ ಸೀಟನ್ನು ಯಾವ ಬಾಟಲಿಯೂ ಬೆಳೆಸುವುದಿಲ್ಲ. ಅಲ್ಟ್ರಾಸೋನಿಕ್ ಯಂತ್ರದಲ್ಲಿ ಹಾಕಿ ಕ್ಲೀನ್ ಮಾಡಿಸುವುದು ಉತ್ತಮ, ಆದರೆ ಒಂದು ಷರತ್ತು, ಕ್ಲೀನ್ ಆದ ಮೇಲೆ ಟೆಸ್ಟ್ ಬೆಂಚಿನಲ್ಲಿ ಒತ್ತಡ ಕೊಟ್ಟು ಹನಿ ಬೀಳುತ್ತದಾ ಅಂತ ನಿಮ್ಮ ಮುಂದೆಯೇ ತೋರಿಸಬೇಕು. ಬರೀ ಸ್ಪ್ರೇ ಚೆನ್ನಾಗಿ ಬರುವುದನ್ನು ತೋರಿಸಿ ಕಳಿಸಿದರೆ ಮತ್ತೆ ಅದೇ ಓಮ್ಸ್ ಕಥೆ. ನಾವು ನಾಲ್ಕನ್ನೂ ಕ್ಲೀನ್ ಮಾಡಿಸಿದೆವು. ಮೂರು ಸರಿಯಾಗಿದ್ದವು, ಆ ಮೂರನೇ ಸಿಲಿಂಡರಿನದು ಆಮೇಲೂ ಹನಿ ಬಿಟ್ಟಿತು, ಅದೊಂದನ್ನು ಮಾತ್ರ ಅದೇ ಪಾರ್ಟ್ ನಂಬರಿನ ಹೊಸದು ತರಿಸಿ ಹಾಕಿದೆವು. ಒಂದು ಬದಲಿಸಿದರೆ ನಾಲ್ಕೂ ಬದಲಿಸಬೇಕು ಅನ್ನುವುದು ಈ ತರಹದ ಸಾಮಾನ್ಯ ಪೆಟ್ರೋಲ್ ಇಂಜಿನ್‌ನಲ್ಲಿ ಬೇಕಾಗಿಲ್ಲ, ಬೆಂಚಿನಲ್ಲಿ ನಾಲ್ಕರ ಹರಿವು ಹತ್ತಿರಹತ್ತಿರ ಇದ್ದರೆ ಸಾಕು. ಮತ್ತೆ, ಪಿನ್ನು ಸೂಜಿ ಹಾಕಿ ತೂತು ಕೆದಕುವವರನ್ನು ಕಂಡರೆ ಕಾರು ತೆಗೆದುಕೊಂಡು ಓಡಿ.

ಇಂಜೆಕ್ಟರಿನ ಮೇಲೆ ಕೆಳಗೆ ಇರುವ ಓರಿಂಗ್‌ಗಳನ್ನು (ರಬ್ಬರ್ ಬಳೆಗಳನ್ನು) ಮಾತ್ರ ನಾಲ್ಕಕ್ಕೂ ಹೊಸದು ಹಾಕಿ, ಹಳೇದು ಮತ್ತೆ ಹಾಕಬೇಡಿ. 2023ರ ಏಪ್ರಿಲ್‌ಗಿಂತ ಮೊದಲಿನ ಬಹಳಷ್ಟು ಕಾರುಗಳ ರಬ್ಬರ್ ಸಾಮಾನು 20% ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಮೇಲಿನ ಓರಿಂಗ್ ಸೋರಿದರೆ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಹೊರಗೇ ಬೀಳುತ್ತದೆ, ಅದು ನೇರ ಬೆಂಕಿಯ ಅಪಾಯ. ಬಾನೆಟ್ ಎತ್ತಿದಾಗ ಹಸಿ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. ಕೆಳಗಿನದು ಹೋದರೆ ಗಾಳಿ ಒಳಗೆ ನುಗ್ಗುತ್ತದೆ, ಆಗ ಟ್ರಿಮ್ ಪ್ಲಸ್ ಕಡೆ ಓಡುತ್ತದೆ, ಲಕ್ಷಣ ಪೂರ್ತಿ ಉಲ್ಟಾ. ಕೂರಿಸುವಾಗ ಎರಡು ಹನಿ ಹೊಸ ಇಂಜಿನ್ ಆಯಿಲ್ ಸವರಿದರೆ ಹರಿಯದೆ ಕೂರುತ್ತವೆ. ಸಿಲಿಕಾನ್ ಪೇಸ್ಟ್ ಬಳಿಯಬೇಡಿ.

ಎಲ್ಪಿಜಿ, ಸಿಎನ್‌ಜಿ ಕಿಟ್ ಹಾಕಿಸಿಕೊಂಡವರಿಗೆ ಒಂದು ಮಾತು. ತಿಂಗಳುಗಟ್ಟಲೆ ಬರೀ ಗ್ಯಾಸಿನಲ್ಲೇ ಓಡಿಸಿದರೆ ಪೆಟ್ರೋಲ್ ಇಂಜೆಕ್ಟರ್‌ಗಳು ಕೆಲಸ ಇಲ್ಲದೆ ಕೂತು, ಬಿಸಿಗೆ ಒಳಗಿನ ಪೆಟ್ರೋಲ್ ಅಂಟು ಕಟ್ಟಿ, ಬೇಕಾದಾಗ ಸರಿಯಾಗಿ ತೆರೆಯುವುದೂ ಇಲ್ಲ ಮುಚ್ಚುವುದೂ ಇಲ್ಲ. ದಿನಾ ಸ್ವಲ್ಪ ದೂರವಾದರೂ ಪೆಟ್ರೋಲಿನಲ್ಲಿ ಓಡಿಸಿ.

ಡೀಸೆಲ್ ಕಾರಿನವರು ಇಷ್ಟು ಓದಿ ಬೇಜಾರಾಗಿರಬಹುದು, ನಮ್ಮ ಭಾಗದಲ್ಲಿ ಅವರೂ ಕಡಿಮೆ ಇಲ್ಲ. ಕಾಮನ್ ರೇಲ್ ಡೀಸೆಲ್‌ನಲ್ಲಿ (ಒಂದೇ ರೇಲ್‌ನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವಂಥದ್ದು) ಲೆಕ್ಕವೇ ಬೇರೆ. ಅಲ್ಲಿ ರೇಲ್ ಒತ್ತಡ ಐಡಲ್‌ನಲ್ಲೇ 250-300 ಬಾರ್, ಜೋರಾಗಿ ಓಡುವಾಗ 1600 ದಾಟುತ್ತದೆ. ಸ್ಟಾರ್ಟ್ ಆಗಲು ಸುಮಾರು 200 ಬಾರ್ ಆದರೂ ಬೇಕು. ಇಂಜೆಕ್ಟರ್ ಒಳಗೆ ಸವೆದಾಗ ಡೀಸೆಲ್ ರಿಟರ್ನ್ ಪೈಪಿಗೆ ಜಾಸ್ತಿ ವಾಪಸ್ ಹೋಗುತ್ತದೆ, ಸೆಲ್ಫ್ ತಿರುಗುವಾಗ ಆ ಒತ್ತಡ ಕಟ್ಟುವುದೇ ಇಲ್ಲ. ಪರೀಕ್ಷೆ ಮಾತ್ರ ಸುಲಭ: ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ಬಿಚ್ಚಿ, ಅಲ್ಲಿಂದ ನಾಲ್ಕು ಪಾರದರ್ಶಕ ಬಾಟಲಿಗೆ ಪೈಪ್ ಬಿಟ್ಟು, ಇಂಜಿನ್ ಐಡಲ್‌ನಲ್ಲಿ ಓಡಿಸಿ. ಮೂರರಲ್ಲಿ ಒಂದೇ ಮಟ್ಟ ಇದ್ದು ಒಂದು ಮಾತ್ರ ಬೇಗ ತುಂಬಿದರೆ ಅದೇ ಕಳ್ಳ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ಕಟ್ಟಿ ಚುಸ್ ಚುಸ್ ಸದ್ದು ಬರುತ್ತಿದ್ದರೆ ಅದು ಇಂಜೆಕ್ಟರ್ ತಪ್ಪಲ್ಲ, ಕೆಳಗಿನ ತಾಮ್ರದ ವಾಷರ್ ಹೋಗಿದೆ. ಸಣ್ಣ ವಾಷರ್ ಅಂತ ಬಿಟ್ಟರೆ ಆಮೇಲೆ ಇಂಜೆಕ್ಟರ್ ಅಲ್ಲೇ ಕಚ್ಚಿಕೊಂಡು ಹೊರಗೆ ಬರುವುದಿಲ್ಲ.

ಹಳ್ಳಿಗಳಿಗೆ ಓಡುವ ಹಳೇ ಜೀಪುಗಳಲ್ಲಿ ಮಿಸ್ತ್ರಿಗಳು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟನ್ನು ಪಾನಾದಿಂದ ಸಡಿಲ ಮಾಡಿ, ಯಾವುದನ್ನು ಬಿಚ್ಚಿದರೆ ಸದ್ದು ಬದಲಾಗುವುದಿಲ್ಲ ಅಂತ ನೋಡುತ್ತಿದ್ದರು. ಆ ಕೈಚಳಕ ಆ ಇಂಜಿನ್‌ಗೆ ಸರಿ. ಕಾಮನ್ ರೇಲ್‌ನಲ್ಲಿ ಯಾರಾದರೂ ಹಾಗೆ ಪಾನಾ ಹಚ್ಚಲು ಹೋದರೆ ಕೈ ಹಿಡಿದು ನಿಲ್ಲಿಸಿ. ಆ ಒತ್ತಡದಲ್ಲಿ ಹೊರಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಕೈ ಕೊಳೆಯತೊಡಗುತ್ತದೆ. ಹಾಗೇನಾದರೂ ಆದರೆ ನೋವು ಇಲ್ಲದಿದ್ದರೂ ಅವತ್ತೇ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಬೇಕು.

ಕಾಕಾನ ಕಾರಿಗೆ ಇಂಜೆಕ್ಟರ್ ಹಾಕಿದ ಮೇಲೆ ಪ್ಲಗ್, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಮೂರೂ ಬದಲಿಸಿದೆವು, ಪೆಟ್ರೋಲ್ ಬೆರೆತ ಆಯಿಲ್ ಇಟ್ಟುಕೊಂಡು ಏನು ಮಾಡುವುದು. ಸ್ಕ್ಯಾನರ್‌ನಲ್ಲಿ ಹಳೇ ಟ್ರಿಮ್ ಅಳಿಸಿ ಕಮಲಾಪುರದವರೆಗೆ ಓಡಿಸಿ ಬಂದೆವು, ಐಡಲ್‌ನಲ್ಲಿ ಪ್ಲಸ್ 5ರ ಸುಮಾರು ನಿಂತಿದೆ, 20% ಎಥನಾಲ್‌ಗೆ ಅದು ಸರಿಯಾದ ಜಾಗವೇ. ಒಟ್ಟು ಖರ್ಚು ಮೊದಲಿನ ಎಸ್ಟಿಮೇಟಿನ ಕಾಲು ಭಾಗವೂ ಆಗಲಿಲ್ಲ. ಕಾಕಾ ಈಗ ಎಸಿ ಸರಿಯಾಗಿ ತಣ್ಣಗಾಗುತ್ತಿಲ್ಲ ಅಂತಿದ್ದಾರೆ. ಅದು ಮಾತ್ರ ಬಿಸಿಲೇ ಇರಬೇಕು, ಆದರೂ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮೇಲಿನ ಧೂಳು ಒಮ್ಮೆ ನೋಡುತ್ತೇನೆ.